ತಟ್ಟೆಯ ಎಡ ಅರ್ಧ

ಮೂರು ವಾರಗಳ ಕಾಲ ನಾನು ದೊಡ್ಡಮ್ಮನ ಎಡಗಡೆ ಕುಳಿತು ಮಾತನಾಡಿದೆ. ಕುರ್ಚಿ ಇದ್ದದ್ದೇ ಆ ಕಡೆ. ಕಿಟಕಿಯ ಕೆಳಗೆ ಕುರ್ಚಿ, ಅದರ ಪಕ್ಕದಲ್ಲಿ ಗಾಲಿಯ ಮೇಜು, ಮೇಜಿನ ಮೇಲೆ ಮುಚ್ಚಿಟ್ಟ ನೀರಿನ ಲೋಟ. ಬಲಗಡೆ ಬಾಗಿಲು ಮತ್ತು ಎಲ್ಲರೂ ಓಡಾಡುವ ದಾರಿ. ಸಂಜೆ ಕೆಲಸ ಮುಗಿಸಿ ಬಂದವಳು ಕುರ್ಚಿಯನ್ನು ಹಾಸಿಗೆಯ ಹತ್ತಿರ ಎಳೆದುಕೊಂಡು ಅಂದಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದೆ. ದೊಡ್ಡಮ್ಮ ಬಾಗಿಲನ್ನೇ ನೋಡುತ್ತಿದ್ದಳು. ಒಮ್ಮೆಯೂ ನನ್ನ ಕಡೆ ತಿರುಗುತ್ತಿರಲಿಲ್ಲ. ಏನಾದರೂ ಕೇಳಿದರೆ ಬಾಗಿಲಿಗೆ ಹೇಳುವಂತೆ ಹೂಂ ಎನ್ನುತ್ತಿದ್ದಳು, ಕೆಲವು ಸಲ ಅದೂ ಇಲ್ಲ. ಈ ಆರೈಕೆ ಕೇಂದ್ರಕ್ಕೆ ತಂದು ಬಿಟ್ಟೆಯಲ್ಲ ಎಂಬ ಸಿಟ್ಟು ಇರಬೇಕು ಎಂದುಕೊಂಡೆ. ಬಾಗಿಲು ನೋಡುವುದು ಮನೆಗೆ ಹೋಗುವ ಆಸೆಯಿಂದ ಎಂದುಕೊಂಡೆ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಅವಳು. ಅವಳ ಸಿಟ್ಟನ್ನು ನುಂಗಿಕೊಳ್ಳುವುದು ನನ್ನ ಪಾಲಿನ ಋಣ ಎಂದುಕೊಂಡು ಮಾತು ಮುಂದುವರಿಸುತ್ತಿದ್ದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಅಳುತ್ತಿದ್ದೆ.

ಒಂದು ಸಂಜೆ ಹಾಸಿಗೆಯ ಬಟ್ಟೆ ಬದಲಿಸಲು ಬಂದ ಸಹಾಯಕಿ ಸ್ವಲ್ಪ ಹೊತ್ತು ನಮ್ಮಿಬ್ಬರನ್ನೂ ನೋಡುತ್ತ ನಿಂತಳು. "ಅಕ್ಕ, ನೀವು ಈ ಕಡೆ ಬಂದು ಕುಳಿತುಕೊಳ್ಳಿ. ಅಜ್ಜಿಗೆ ಆ ಕಡೆ ಇರುವುದು ಗೊತ್ತಾಗುವುದಿಲ್ಲ" ಎಂದಳು. ನಾನು ಎದ್ದು ಹಾಸಿಗೆಯನ್ನು ಸುತ್ತಿ ಬಲಗಡೆಗೆ ಬಂದೆ. ದೊಡ್ಡಮ್ಮನ ಕಣ್ಣು ನನ್ನ ಮೇಲೆ ಬಿತ್ತು, ಮುಖ ಅರಳಿತು. "ಯಾವಾಗ ಬಂದೆಯೇ ಪುಟ್ಟಿ?" ಎಂದು ಕೇಳಿದಳು. ನಾನು ಬಂದು ನಲವತ್ತು ನಿಮಿಷವಾಗಿತ್ತು.

ಮಿದುಳಿನ ಬಲಭಾಗಕ್ಕೆ ಪಾರ್ಶ್ವವಾಯು ಬಡಿದರೆ ಎಡಗೈ ಎಡಗಾಲು ಸ್ವಾಧೀನ ತಪ್ಪುತ್ತವೆ ಎಂಬುದು ನನಗೆ ಗೊತ್ತಿತ್ತು. ಅದರ ಜೊತೆಗೆ ಕೆಲವರಿಗೆ ಎಡಗಡೆಯ ಜಗತ್ತೇ ಗಮನದಿಂದ ಜಾರಿಹೋಗುತ್ತದೆ ಎಂಬುದು ಗೊತ್ತಿರಲಿಲ್ಲ. ಇದು ಕಣ್ಣಿನ ದೋಷವಲ್ಲ, ನೆನಪಿನದ್ದೂ ಅಲ್ಲ. ಕಣ್ಣು ಸರಿಯಿದ್ದರೂ ಮಿದುಳು ಆ ಕಡೆಗೆ ಗಮನ ಕೊಡುವುದಿಲ್ಲ. ಹೀಗಾದವರು ತಲೆಯ ಬಲಭಾಗವನ್ನಷ್ಟೇ ಬಾಚಿಕೊಂಡು ಬಾಚಣಿಗೆ ಕೆಳಗಿಡುತ್ತಾರೆ, ಗಡಿಯಾರದ ಚಿತ್ರ ಬರೆಯಲು ಹೇಳಿದರೆ ಅಂಕಿಗಳನ್ನೆಲ್ಲ ಬಲಗಡೆಗೆ ತುರುಕುತ್ತಾರೆ. ಎಡದಿಂದ ಬಂದ ದನಿಗೆ ಬಲಗಡೆ ತಿರುಗಿ ಉತ್ತರ ಕೊಡುವುದೂ ಉಂಟು. ಮಾತಿನ ಶಕ್ತಿ ಹೆಚ್ಚಿನವರಲ್ಲಿ ಮಿದುಳಿನ ಎಡಭಾಗದಲ್ಲಿರುವುದರಿಂದ ಅದು ಉಳಿದಿರುತ್ತದೆ. ಹಾಗಾಗಿ ಇಷ್ಟು ಸ್ಪಷ್ಟವಾಗಿ ಮಾತನಾಡುವವರಿಗೆ ಇಷ್ಟು ದೊಡ್ಡ ಕೊರತೆ ಇದೆ ಎಂದು ನೋಡುವವರಿಗೆ ಹೊಳೆಯುವುದೇ ಇಲ್ಲ. ಏನೋ ಕಾಣುತ್ತಿಲ್ಲ ಎಂದು ಅವರೇ ದೂರುವಂತೆಯೂ ಇಲ್ಲ, ಕಾಣದಿರುವುದು ಇದೆ ಎಂಬುದೇ ಅವರಿಗೆ ತಿಳಿದಿರುವುದಿಲ್ಲ.

ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಹಾಳೆಗಳಲ್ಲಿ ಇದನ್ನು ಒಂದು ಸಾಲಿನಲ್ಲಿ ಬರೆದಿದ್ದರು. ಮನೆಗೆ ಹೋಗಿ ಹುಡುಕಿ ನೋಡಿದೆ, ಮೂರನೆಯ ಪುಟದಲ್ಲಿತ್ತು. ಆರೈಕೆ ಕೇಂದ್ರದ ಕಡತದಲ್ಲೂ ಅದರ ಪ್ರತಿ ಇತ್ತು. ನಾನೂ ಓದಿರಲಿಲ್ಲ, ಅಲ್ಲಿನವರೂ ಓದಿದಂತಿರಲಿಲ್ಲ. ಓದಿದ್ದರೆ ನೀರಿನ ಲೋಟ ಎಡಗಡೆಯ ಮೇಜಿನ ಮೇಲೆ ಇರುತ್ತಿರಲಿಲ್ಲ, ಕರೆಗಂಟೆಯ ಗುಂಡಿಯನ್ನು ಎಡಗೈಯ ಬಳಿ ದಿಂಬಿಗೆ ಸಿಕ್ಕಿಸಿರುತ್ತಿರಲಿಲ್ಲ. ಅಷ್ಟರಲ್ಲಿ ದೊಡ್ಡಮ್ಮ ನಾಲ್ಕು ಕಿಲೋ ಇಳಿದಿದ್ದಳು. ಊಟದ ದಾಖಲೆಯಲ್ಲಿ ದಿನವೂ ಒಂದೇ ಮಾತು: ಅರ್ಧ ಊಟ, ಹಸಿವು ಕಡಿಮೆ. ತಟ್ಟೆಯ ಬಲಭಾಗ ತೊಳೆದಂತೆ ಖಾಲಿಯಾಗಿರುತ್ತಿತ್ತು, ಎಡಭಾಗಕ್ಕೆ ಕೈಯೇ ತಾಗಿರುತ್ತಿರಲಿಲ್ಲ. ಅದನ್ನು ಎತ್ತಿಕೊಂಡು ಹೋದ ಅಷ್ಟು ಜನರಲ್ಲಿ ಒಬ್ಬರಿಗೂ ಇದೇಕೆ ಹೀಗೆ ನಡುವೆ ಗೆರೆ ಎಳೆದಂತಿದೆ ಎನ್ನಿಸಲಿಲ್ಲ. ನಾನೇ ಎಷ್ಟು ಸಲ ಆ ತಟ್ಟೆಯನ್ನು ಎತ್ತಿಟ್ಟಿದ್ದೇನೆ.

ಹೊಳೆಯುವ ನೆಲ

ಕೇಂದ್ರವನ್ನು ಆರಿಸಿದ್ದು ನಾನೇ. ನಾಲ್ಕು ಕಡೆ ಹೋಗಿ ನೋಡಿದ್ದೆ. ಏನು ನೋಡಿದೆ ಎಂದು ಈಗ ಲೆಕ್ಕ ಹಾಕಿದರೆ ಸಂಕಟವಾಗುತ್ತದೆ. ನೆಲ ನೋಡಿದೆ, ಶೌಚಾಲಯದಲ್ಲಿ ಹಿಡಿದುಕೊಳ್ಳುವ ಕಂಬಿ ಇದೆಯೇ ಎಂದು ನೋಡಿದೆ, ವಾಸನೆ ಹಿಡಿದೆ, ಕಿಟಕಿಯಿಂದ ಮರ ಕಾಣುತ್ತದೆ ಎಂದು ಸಂತೋಷಪಟ್ಟೆ. ಆ ಕಿಟಕಿ ಅವಳ ಎಡಗಡೆಗೆ ಬಂತು. ನೆಲ ನಿಜಕ್ಕೂ ಶುಭ್ರವಾಗಿತ್ತು, ಈಗಲೂ ಇದೆ. ಅದು ಆರೈಕೆಯ ಒಂದು ಭಾಗ ಹೌದು, ಸೋಂಕು ತಡೆಯಲು ಬೇಕೇ ಬೇಕು. ಆದರೆ ನೆಲ ಒರೆಸುವುದು ಒಮ್ಮೆ ಹೇಳಿಕೊಟ್ಟರೆ ಎಲ್ಲರೂ ಒಂದೇ ರೀತಿಯಲ್ಲಿ ಮಾಡಬಹುದಾದ ಕೆಲಸ, ಬಂದವರ ಕಣ್ಣಿಗೆ ಬೀಳುವ ಕೆಲಸ. ನೀರು ಕುಡಿಸುವುದು ಹಾಗಲ್ಲ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕುಗ್ಗುತ್ತದೆ. ದೇಹಕ್ಕೆ ನೀರು ಬೇಕಿದ್ದರೂ ಬೇಕು ಎನ್ನಿಸುವುದಿಲ್ಲ. ಕೇಳಿದವರಿಗೆ ಕೊಡುತ್ತೇವೆ ಎನ್ನುವ ಕಡೆ ಕೇಳದವರು ಒಣಗುತ್ತಾರೆ. ಹೀಗೆ ನೀರು ಕಡಿಮೆಯಾದ ಮುದುಕರು ಅನೇಕ ಸಲ ಮೊದಲು ತೋರಿಸುವುದು ಬಾಯಾರಿಕೆಯನ್ನಲ್ಲ, ಗೊಂದಲವನ್ನು. ಮೊನ್ನೆಯವರೆಗೆ ಸರಿಯಾಗಿದ್ದವರು ಇಂದು ಯಾರನ್ನೋ ಯಾರೋ ಎಂದು ಕರೆಯುತ್ತಾರೆ. ವಯಸ್ಸಾಯಿತು, ಮರೆವು ಶುರುವಾಯಿತು ಎಂದು ನಾವು ತಲೆಯಾಡಿಸಿ ಸುಮ್ಮನಾಗುತ್ತೇವೆ. ಮೂತ್ರದ ಸೋಂಕೂ ಎಷ್ಟೋ ಸಲ ಜ್ವರವಿಲ್ಲದೆ ಇದೇ ವೇಷದಲ್ಲಿ ಬರುತ್ತದೆ.

ಅಂದು ಕೇಳಬೇಕಾಗಿದ್ದ ಪ್ರಶ್ನೆಗಳು ಬೇರೆಯೇ ಇದ್ದವು. ರಾತ್ರಿ ಎರಡು ಗಂಟೆಗೆ ಈ ಮಹಡಿಯಲ್ಲಿ ಎಷ್ಟು ಜನ ಎಚ್ಚರವಿರುತ್ತಾರೆ? ಇವತ್ತು ನೋಡಿಕೊಂಡವರೇ ನಾಳೆಯೂ ಬರುತ್ತಾರೆಯೇ? ಪಾಳಿ ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ಏನು ಹೇಳಿ ಹೋಗುತ್ತಾರೆ, ನಿಂತು ಹೇಳುತ್ತಾರೆಯೇ ಅಥವಾ ಕಡತ ತೋರಿಸಿ ಹೋಗುತ್ತಾರೆಯೇ? ಇದರಲ್ಲಿ ಒಂದನ್ನೂ ಕೇಳಿರಲಿಲ್ಲ. ಹೊಸಬರನ್ನು ಸೇರಿಸಲು ಹೋಗುವವರು ನೆಲದ ಬದಲು ಒಳಗಿರುವವರ ಉಗುರು ನೋಡಲಿ ಎಂದು ನನಗೆ ಈಗ ಅನ್ನಿಸುತ್ತದೆ. ಇನ್ನೊಬ್ಬರ ಉಗುರು ಕತ್ತರಿಸಬೇಕಾದರೆ ಹತ್ತು ನಿಮಿಷ ಅವರ ಕೈ ಹಿಡಿದು ಎದುರಿಗೆ ಕುಳಿತುಕೊಳ್ಳಲೇಬೇಕು.

ನಾಲ್ಕು ಗಂಟೆಯ ಸಹಿ

ಒಂದು ರಜೆಯ ದಿನ ಮಧ್ಯಾಹ್ನ ಮೂರೂವರೆಗೆ ಹೋದೆ. ಸಾಮಾನ್ಯವಾಗಿ ಆ ಹೊತ್ತಿಗೆ ನಾನು ಹೋಗುವವಳಲ್ಲ. ದೊಡ್ಡಮ್ಮ ಅಂಗಾತ ಮಲಗಿದ್ದಳು. ಕಾಲ ಬುಡದಲ್ಲಿ ಮಗ್ಗುಲು ಬದಲಿಸುವ ಚಾರ್ಟ್ ನೇತಾಡುತ್ತಿತ್ತು. ಎರಡೆರಡು ಗಂಟೆಗೆ ಒಂದು ಮನೆ, ಎಡ ಬಲ ನೇರ ಎಂದು ಬರೆದು ಪಕ್ಕದಲ್ಲಿ ಸಹಿ. ಎರಡು ಗಂಟೆಯ ಮನೆ ತುಂಬಿತ್ತು. ನಾಲ್ಕರದ್ದೂ ತುಂಬಿತ್ತು, ಆರರದ್ದೂ ತುಂಬಿತ್ತು. ಮೂರರಲ್ಲೂ ಒಂದೇ ಶಾಯಿ, ಒಂದೇ ಓಟದ ಸಹಿ. ನಾಲ್ಕು ಗಂಟೆಗೆ ಬಲ ಮಗ್ಗುಲಿಗೆ ತಿರುಗಿಸಲಾಗಿದೆ ಎಂದು ಮೂರೂವರೆಗೆ ಓದುತ್ತ ನಿಂತೆ. ನನ್ನ ಕೈ ತಣ್ಣಗಾಗಿತ್ತು. ಹೊದಿಕೆ ಸರಿಸಿ ಅವಳ ಎಡ ಹಿಮ್ಮಡಿ ನೋಡಿದೆ. ಕಣ್ಣಿಗೆ ಏನೂ ಕಾಣಲಿಲ್ಲ. ದೊಡ್ಡಮ್ಮನ ಮೈಬಣ್ಣ ಕಪ್ಪು. ಒಂದೇ ಮಗ್ಗುಲಲ್ಲಿ ಮಲಗಿ ಬರುವ ಒತ್ತಡದ ಹುಣ್ಣು, ಅಂದರೆ ಹಾಸಿಗೆ ಹುಣ್ಣು, ಶುರುವಾಗುವಾಗ ಚರ್ಮ ಕೆಂಪಾಗುತ್ತದೆ, ಬೆರಳಿನಿಂದ ಒತ್ತಿದರೂ ಬಿಳಿಚುವುದಿಲ್ಲ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಕಪ್ಪು ಚರ್ಮದಲ್ಲಿ ಆ ಕೆಂಪು ಕಾಣದೆ ಹೋಗಬಹುದು, ಮುಟ್ಟಿಯೇ ನೋಡಬೇಕು. ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬೆಚ್ಚಗಿದೆಯೇ, ಗಟ್ಟಿಯಾಗಿದೆಯೇ ಅಥವಾ ಮೆತ್ತಗಾಗಿದೆಯೇ ಎಂದು. ಮುಟ್ಟಿದೆ. ಹಿಮ್ಮಡಿ ಬಿಸಿಯಾಗಿತ್ತು, ಹಣ್ಣಿನ ಹಾಗೆ ಮೆತ್ತಗಿತ್ತು. ಅವಳಿಗೆ ನೋವು ಗೊತ್ತಾಗುತ್ತಿರಲಿಲ್ಲ. ಆ ಕಾಲು ಅವಳ ಲೆಕ್ಕದಲ್ಲಿ ಇರಲೇ ಇಲ್ಲ.

ಎರಡು ಗಂಟೆಗೊಮ್ಮೆ ಮಗ್ಗುಲು ಎಂಬುದು ಯಾರೋ ಕಚೇರಿಯಲ್ಲಿ ಕುಳಿತು ಮಾಡಿದ ನಿಯಮವಲ್ಲ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಮುರಿದ ಸೈನಿಕರಿಗಾಗಿ ವಿಭಾಗ ತೆರೆದಾಗ ವೈದ್ಯ ಲುಡ್ವಿಗ್ ಗುಟ್ಮನ್ ಹಟ ಹಿಡಿದು ಮಾಡಿಸಿದ ಕೆಲಸಗಳಲ್ಲಿ ಇದು ಒಂದು, ಹಗಲೂ ರಾತ್ರಿಯೂ. ಅದಕ್ಕೆ ಮುಂಚೆ ಅಂಥವರಲ್ಲಿ ಬಹುಪಾಲು ಜನ ಸಾಯುತ್ತಿದ್ದದ್ದು ಬೆನ್ನಿನ ಪೆಟ್ಟಿನಿಂದಲ್ಲ, ಹಾಸಿಗೆ ಹುಣ್ಣಿನಿಂದ ಮತ್ತು ಮೂತ್ರದ ಸೋಂಕಿನಿಂದ. ಇನ್ನೂ ಹಿಂದೆ, 1859ರಲ್ಲೇ ಫ್ಲಾರೆನ್ಸ್ ನೈಟಿಂಗೇಲ್ ಹಾಸಿಗೆ ಹುಣ್ಣು ಸಾಮಾನ್ಯವಾಗಿ ಕಾಯಿಲೆಯ ತಪ್ಪಲ್ಲ, ಶುಶ್ರೂಷೆಯ ತಪ್ಪು ಎಂದು ಬರೆದಿದ್ದರು. ಎಲ್ಲ ಹುಣ್ಣುಗಳನ್ನೂ ತಡೆಯಲು ಆಗುವುದಿಲ್ಲ, ಸಾವಿನ ಹತ್ತಿರ ಬಂದ ದೇಹದಲ್ಲಿ ಚರ್ಮವೂ ಉಳಿದ ಅಂಗಗಳಂತೆ ಸೋಲುತ್ತದೆ. ಆದರೆ ದೊಡ್ಡಮ್ಮ ಸಾವಿನ ಹತ್ತಿರ ಇರಲಿಲ್ಲ. ಅವಳ ಹಿಮ್ಮಡಿಗೆ ಬೇಕಿದ್ದದ್ದು ಮೀನಖಂಡದ ಕೆಳಗೆ ಒಂದು ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದೆ ಗಾಳಿಯಲ್ಲಿ ಇರುವಷ್ಟು ಎತ್ತರಕ್ಕೆ. ಅಷ್ಟೇ. (ನಾನು ಮಾರನೆಯ ದಿನವೇ ಗಾಬರಿಯಲ್ಲಿ ನಡುವೆ ತೂತಿರುವ ದುಂಡನೆಯ ದಿಂಬು ಕೊಂಡು ತಂದೆ. ಅನುಭವಿ ನರ್ಸ್ ಒಬ್ಬರು ಅದನ್ನು ವಾಪಸು ಕೊಟ್ಟರು. ತೂತಿನ ಅಂಚು ಸುತ್ತಲಿನ ರಕ್ತ ಸಂಚಾರವನ್ನೇ ತಡೆದು ಇನ್ನಷ್ಟು ಕೆಡಿಸುತ್ತದೆಯಂತೆ. ಪ್ರೀತಿಯಿಂದ ತಂದದ್ದೆಲ್ಲ ಒಳ್ಳೆಯದೇ ಆಗಿರಬೇಕಿಲ್ಲ.)

ಚಾರ್ಟ್ ಹಿಡಿದುಕೊಂಡು ಪಾಳಿಯ ಮೇಲ್ವಿಚಾರಕಿಯ ಬಳಿ ಹೋದೆ. ಅವರು ಮಾತ್ರೆಗಳ ತಟ್ಟೆ ಹಿಡಿದು ನಿಂತಿದ್ದರು. ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಅವರು ಚಾರ್ಟನ್ನು ನೋಡಿದರು, ನನ್ನನ್ನು ನೋಡಿದರು. "ಈ ಮಹಡಿಯಲ್ಲಿ 32 ಜನ ಇದ್ದಾರೆ, ಸಹಾಯಕಿಯರು ಮೂವರು. ಊಟದ ನಂತರ ಐದು ನಿಮಿಷ ಸಿಕ್ಕಾಗ ಕುಳಿತು ಬರೆದುಬಿಡುತ್ತಾರೆ. ಆಮೇಲೆ ಬರೆಯಲು ಹೊತ್ತು ಸಿಗುವುದಿಲ್ಲ" ಎಂದರು. ದನಿಯಲ್ಲಿ ಸಮರ್ಥನೆ ಇರಲಿಲ್ಲ, ದಣಿವು ಇತ್ತು. ರಾತ್ರಿ ಮನೆಯಲ್ಲಿ ಲೆಕ್ಕ ಹಾಕಿದೆ. ಆ ಮಹಡಿಯಲ್ಲಿ ತಾವಾಗಿ ಹೊರಳಲು ಆಗದವರು 18 ಜನ. ಒಬ್ಬರನ್ನು ಮೈ ತರಚದಂತೆ ಎತ್ತಿ ಹೊರಳಿಸಲು ಇಬ್ಬರು ಬೇಕು, ದಿಂಬು ಸರಿಪಡಿಸಿ ಬಟ್ಟೆ ಎಳೆಯುವುದೂ ಸೇರಿ ಐದು ನಿಮಿಷ ಬೇಕು. ಅಂದರೆ 90 ನಿಮಿಷ. ಪ್ರತಿ ಎರಡು ಗಂಟೆಯಲ್ಲಿ ಒಂದೂವರೆ ಗಂಟೆ ಮೂವರಲ್ಲಿ ಇಬ್ಬರು ಬರೀ ಮಗ್ಗುಲು ಬದಲಿಸುತ್ತ ಇರಬೇಕು. ನೀರು, ಊಟ, ಶೌಚ, ಒದ್ದೆ ಬಟ್ಟೆ, ಬಿದ್ದವರು, ಅಳುವವರು, ಗಂಟೆ ಒತ್ತಿದವರು ಎಲ್ಲರೂ ಉಳಿದ ಒಬ್ಬಳ ಪಾಲಿಗೆ.

ಸಹಿ ಹಾಕಿದವಳು ಸುಳ್ಳು ಬರೆದಳು. ಅದನ್ನು ನಾನು ಕ್ಷಮಿಸಿಲ್ಲ, ಆ ಸುಳ್ಳಿನ ಕೆಳಗೆ ಒಂದು ಹಿಮ್ಮಡಿ ಇತ್ತು. ಆದರೆ ಆ ಹಾಳೆಯನ್ನು ಮತ್ತೆ ಮತ್ತೆ ನೋಡಿದ್ದೇನೆ. ಅದರಲ್ಲಿ 'ಆಗಲಿಲ್ಲ' ಎಂದು ಬರೆಯಲು ಜಾಗವಿಲ್ಲ. ಮನೆ ಖಾಲಿ ಬಿಟ್ಟವರಿಗೆ ಬೈಗುಳ ಸಿಗುತ್ತದೆ, ತುಂಬಿದವರನ್ನು ಯಾರೂ ಏನೂ ಕೇಳುವುದಿಲ್ಲ. ಪರಿಶೀಲನೆಗೆ ಬಂದವರೂ ಹಾಳೆಯನ್ನು ನೋಡುತ್ತಾರೆ, ಹೊದಿಕೆ ಸರಿಸುವುದಿಲ್ಲ. ಮೂವರಿಗೆ ಐವರ ಕೆಲಸ ಹೊರಿಸಿ ಸುಳ್ಳು ಬರೆಯದೆ ವಿಧಿಯಿಲ್ಲದಂತೆ ಮಾಡಿದವರ ಸಹಿ ಆ ಹಾಳೆಯಲ್ಲಿ ಎಲ್ಲೂ ಇಲ್ಲ. ನನ್ನ ಸಿಟ್ಟೆಲ್ಲ ಈಗ ಆ ಕಡೆಗಿದೆ.

ತುತ್ತಿನ ವೇಗ

ನನಗೆ 'ಈ ಕಡೆ ಬನ್ನಿ' ಎಂದವಳ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಅವಳು ಊಟ ಮಾಡಿಸುವಾಗ ನಿಲ್ಲುತ್ತಿರಲಿಲ್ಲ, ಕುಳಿತುಕೊಳ್ಳುತ್ತಿದ್ದಳು. ಉಳಿದವರು ನಿಂತು ತಿನ್ನಿಸುತ್ತಿದ್ದರು. ನಿಂತವರ ಚಮಚ ಮೇಲಿನಿಂದ ಬರುತ್ತದೆ, ತಿನ್ನುವವರು ಗದ್ದ ಎತ್ತಬೇಕಾಗುತ್ತದೆ, ಗದ್ದ ಎತ್ತಿದರೆ ತುತ್ತು ಅನ್ನನಾಳದ ಬದಲು ಶ್ವಾಸನಾಳದ ದಾರಿ ಹಿಡಿಯುವ ಅಪಾಯ ಹೆಚ್ಚು. ಹಾಗೆ ಒಳಗೆ ಹೋದ ಅಗುಳು ನ್ಯುಮೋನಿಯಾ ತರಬಹುದು. ಅವಳು ದೊಡ್ಡಮ್ಮನ ಕಣ್ಣಿನ ಮಟ್ಟಕ್ಕೆ ಕುಳಿತು, ಒಂದು ತುತ್ತು ಕೊಟ್ಟು, ಗಂಟಲು ಮೇಲೆ ಕೆಳಗೆ ಆಡುವುದನ್ನು ನೋಡಿ, ಆಮೇಲೆ ಇನ್ನೊಂದು ಕೊಡುತ್ತಿದ್ದಳು. ಕೊನೆಯಲ್ಲಿ "ಅಜ್ಜಿ, ಆ ಮಾಡಿ" ಎಂದು ಎಡ ಕೆನ್ನೆಯ ಒಳಗೆ ನೋಡುತ್ತಿದ್ದಳು. ಅಲ್ಲಿ ತುತ್ತು ಸಿಕ್ಕಿಕೊಂಡು ಕೂತಿರುತ್ತಿತ್ತು. ಆ ಕೆನ್ನೆಯೂ ದೊಡ್ಡಮ್ಮನಿಗೆ ಗೊತ್ತಿಲ್ಲದ ಎಡವೇ ತಾನೆ. ಹಾಗೆಯೇ ಮಲಗಿದರೆ ರಾತ್ರಿ ಅದು ಜಾರಿ ಉಸಿರಿಗೆ ಸೇರಬಹುದು. ಈ ಕೆನ್ನೆಯ ವಿಷಯ ಯಾವ ಚಾರ್ಟಿನಲ್ಲೂ ಇಲ್ಲ. ಅವಳಿಗೆ ಯಾರು ಹೇಳಿಕೊಟ್ಟರು ಎಂದು ಕೇಳಿದೆ. ತನ್ನ ಅಜ್ಜನಿಗೆ ಹೀಗೇ ಆಗಿತ್ತು ಎಂದಳು.

ಬ್ರ್ಯಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಟಾಮ್ ಕಿಟ್‌ವುಡ್ ಎಂಬ ಮನಃಶಾಸ್ತ್ರಜ್ಞರು ಮರೆವಿನ ಕಾಯಿಲೆಯವರ ವಾರ್ಡ್‌ಗಳಲ್ಲಿ ಕುಳಿತು ಗಮನಿಸಿ, ಒಬ್ಬ ವ್ಯಕ್ತಿಯನ್ನು ವ್ಯಕ್ತಿಯಲ್ಲದಂತೆ ಮಾಡುವ ಚಿಕ್ಕ ಚಿಕ್ಕ ನಡವಳಿಕೆಗಳನ್ನು ಪಟ್ಟಿ ಮಾಡಿದ್ದರು. 1997ರಲ್ಲಿ ಅದು ಪುಸ್ತಕವಾಗಿ ಬಂತು. ಎದುರಿಗಿರುವವರು ಇಲ್ಲವೆಂಬಂತೆ ಅವರ ತಲೆಯ ಮೇಲೆ ಮಾತನಾಡುವುದು, ಮಗುವಿನಂತೆ ನಡೆಸಿಕೊಳ್ಳುವುದು, ಅವರು ಹಿಂಬಾಲಿಸಲಾಗದ ವೇಗದಲ್ಲಿ ಕೆಲಸ ಮುಗಿಸುವುದು. ಇವನ್ನು ಮಾಡುವವರು ಕೆಟ್ಟವರಲ್ಲ, ಬಹಳ ಸಲ ಒಳ್ಳೆಯ ಮನಸ್ಸಿನವರೇ ಮಾಡುತ್ತಾರೆ ಎಂದು ಅವರು ಒತ್ತಿ ಹೇಳಿದ್ದರು. ಆ ಪಟ್ಟಿಯನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಕೇಂದ್ರದ ಯಾರೂ ಅಲ್ಲ. ದೊಡ್ಡಮ್ಮನ ಹಾಸಿಗೆಯ ಎರಡೂ ಕಡೆ ನಿಂತು ನಾನೂ ತಮ್ಮನೂ ಅವಳನ್ನು ಎಲ್ಲಿ ಇಡುವುದು ಎಂದು ಮಾತನಾಡಿದ ದಿನ ನೆನಪಾಯಿತು. 'ಇಡುವುದು' ಎಂಬ ಮಾತನ್ನೇ ಬಳಸಿದ್ದೆವು. ಅವಳಿಗೆ ಪೂರ್ತಿ ಎಚ್ಚರವಿತ್ತು.

ಕುಳಿತು ಊಟ ಮಾಡಿಸುತ್ತಿದ್ದವಳಿಗೆ ಒಬ್ಬರಿಗೆ ಮೂವತ್ತು ನಿಮಿಷ ಹಿಡಿಯುತ್ತಿತ್ತು. ನಿಂತವರಿಗೆ ಹತ್ತು. ಅವಳು ನಿಧಾನ ಎಂಬ ದೂರು ಇತ್ತಂತೆ. ಮಳೆಗಾಲ ಮುಗಿಯುವ ಹೊತ್ತಿಗೆ ಅವಳನ್ನು ಕೆಳಗಿನ ಮಹಡಿಗೆ ಹಾಕಿದರು. ಒಂದು ವಾರದೊಳಗೆ ಲೋಟ ಮತ್ತೆ ಎಡಗಡೆಗೆ ಹೋಯಿತು. ಯಾರೂ ಬೇಕೆಂದು ಮಾಡಿದ್ದಲ್ಲ, ಮೇಜು ಒರೆಸಲು ಸರಿಸಿದವರು ಅನುಕೂಲವಾದ ಕಡೆ ಬಿಟ್ಟಿದ್ದರು.

ದೂರು ಕೊಡುವ ಭಯ

ಗಟ್ಟಿಯಾಗಿ ಮಾತನಾಡಿದರೆ ನಾನು ಹೊರಟ ಮೇಲೆ ಅವಳನ್ನು ಹೇಗೆ ನೋಡಿಕೊಳ್ಳುತ್ತಾರೋ ಎಂಬ ಭಯವನ್ನು ಇಂಥ ಜಾಗಕ್ಕೆ ಒಬ್ಬರನ್ನಾದರೂ ಸೇರಿಸಿದವರೆಲ್ಲ ಬಲ್ಲರು. ಆ ಭಯದಿಂದ ನಾನು ಎಷ್ಟೋ ಸಲ ಮಾತು ನುಂಗಿದ್ದೇನೆ, ಬೇಕಿಲ್ಲದ ಕಡೆ ನಕ್ಕಿದ್ದೇನೆ. ಕೊನೆಗೆ ಒಂದು ಹಾಳೆಯಲ್ಲಿ ದೊಡ್ಡಮ್ಮನ ಸ್ಥಿತಿಯನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆದು ತಲೆಯ ಮೇಲಿನ ಗೋಡೆಗೆ ಅಂಟಿಸಿದೆ. ಮಾರನೆಯ ದಿನ ತೆಗೆದಿದ್ದರು. ಒಬ್ಬರ ಕಾಯಿಲೆಯನ್ನು ಬಂದು ಹೋಗುವವರೆಲ್ಲ ಓದುವಂತೆ ಗೋಡೆಗೆ ಹಚ್ಚುವುದು ಸರಿಯಲ್ಲ ಎಂದರು. ಸಿಟ್ಟು ಬಂದಿತಾದರೂ ಆ ಮಾತಿನಲ್ಲಿ ನ್ಯಾಯವಿತ್ತು, ದೊಡ್ಡಮ್ಮನನ್ನು ನಾನು ಕೇಳಿಯೇ ಇರಲಿಲ್ಲ. ಅವಳನ್ನು ಕೇಳಿದೆ. "ಲೋಟ ಬಲಗಡೆ ಇಡಿ ಎಂದು ಬರೆ, ಉಳಿದದ್ದು ಅವರಿಗೇಕೆ?" ಎಂದಳು. ಹಾಗೆಯೇ ಬರೆದೆ. ಆ ಚೀಟಿಯನ್ನು ಯಾರೂ ತೆಗೆಯಲಿಲ್ಲ. ಕರೆಗಂಟೆ ಈಗ ಬಲಗೈಯ ಹತ್ತಿರವೇ ಇರುತ್ತದೆ. ವಾರಕ್ಕೆರಡು ಸಲ ಬರುವ ಫಿಸಿಯೋಥೆರಪಿಸ್ಟ್ ಮಾತ್ರ ಬೇಕೆಂದೇ ಎಡಗಡೆ ನಿಂತು, ಎಡ ಭುಜ ತಟ್ಟಿ, ಅವಳು ತಿರುಗುವವರೆಗೂ ಕಾಯುತ್ತಾರೆ. ತಿರುಗುವ ಅಭ್ಯಾಸವನ್ನೂ ಮಾಡಿಸಬೇಕು ಎನ್ನುತ್ತಾರೆ. ಅಭ್ಯಾಸದ ಹೊತ್ತಿನಲ್ಲಿ ಎಡ, ಬಾಯಾರಿದ ಹೊತ್ತಿನಲ್ಲಿ ಬಲ.

ಹಿಮ್ಮಡಿಯ ಹುಣ್ಣು ಒಡೆಯದೆ ಇಂಗಿತು. ನಾನು ಹೋಗುವ ಹೊತ್ತನ್ನು ದಿನವೂ ಬದಲಿಸುತ್ತೇನೆ, ಮುಂಚೆ ತಿಳಿಸುವುದಿಲ್ಲ. ಹಾಳೆಯನ್ನು ನೋಡುವ ಮೊದಲು ಪಾದ ಮುಟ್ಟುತ್ತೇನೆ. ಊಟದ ಹೊತ್ತಿಗೆ ಹೋದರೆ ಬಲಗಡೆ ಕುಳಿತು, ಅವಳು ಅರ್ಧ ಮುಗಿಸಿದ ಮೇಲೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸುತ್ತೇನೆ. ಎಡಗಡೆ ಇದ್ದದ್ದು ಬಲಕ್ಕೆ ಬರುತ್ತದೆ. ಮೊದಮೊದಲು ಅವಳು ಪ್ರತಿ ಸಲವೂ ಬೆರಗಾಗುತ್ತಿದ್ದಳು, ಮತ್ತೆ ಬಡಿಸಿದೆಯಾ ಎಂದು ಕೇಳುತ್ತಿದ್ದಳು. ಕಳೆದ ವಾರ ನಾನು ಕಿಟಕಿಯ ಪರದೆ ಎಳೆಯಲು ಎದ್ದಿದ್ದೆ. ಹಿಂದಿನಿಂದ ಚಮಚ ತಟ್ಟೆಗೆ ತಾಗಿದ ಸದ್ದು ಕೇಳಿಸಿತು, ನಿಂತಿತು. ತಿರುಗಿ ನೋಡಿದರೆ ಅವಳು ತಟ್ಟೆಯ ಖಾಲಿ ಭಾಗವನ್ನೇ ಬಹಳ ಹೊತ್ತು ನೋಡುತ್ತಿದ್ದಳು. ಆಮೇಲೆ ಬಲಗೈಯಿಂದ ಅಂಚು ಹಿಡಿದು ಎಳೆಯಲು ನೋಡಿದಳು. ತಟ್ಟೆ ಸ್ವಲ್ಪ ಸರಿಯಿತು, ತಿರುಗಲಿಲ್ಲ.

"ಪುಟ್ಟಿ, ಇದರಲ್ಲಿ ಇನ್ನೂ ಇರಬೇಕು. ತಿರುಗಿಸೇ" ಎಂದಳು.